ಪ್ರಾಜೆಕ್ಟ್ ಎಂದರೇನು? ತಿಳಿದಿರಬೇಕಾದ ನಾಲ್ಕು ಮಾತು



ಗ್ರಾಮಸಭೆ, ಬ್ಯಾಂಕು, ಕಾಲೇಜು, ಎಲ್ಲಿ ಹೋದರೂ ‘ಪ್ರಾಜೆಕ್ಟ್’ ಎಂಬ ಮಾತು ಕೇಳುತ್ತದೆ. ಕನ್ನಡದಲ್ಲಿ ನಾವು ‘ಯೋಜನೆ’ ಎನ್ನುತ್ತೇವೆ. ಆದರೆ ತಿಂಗಳು ತಿಂಗಳು ಕೊಡುವ ವೃದ್ಧಾಪ್ಯ ವೇತನಕ್ಕೂ ಯೋಜನೆ ಎಂದೇ ಹೆಸರು. ಮರಾಠಿಯಲ್ಲಿ ಪ್ರಾಜೆಕ್ಟಿಗೆ ‘ಪ್ರಕಲ್ಪ’ ಎಂಬ ಬೇರೆ ಪದವೇ ಇದೆ.

ನಿರ್ವಹಣಾ ಶಾಸ್ತ್ರದಲ್ಲಿ ಪ್ರಾಜೆಕ್ಟ್ ಎಂದರೆ ಹೊಸದೊಂದನ್ನು ಮಾಡಿ ಮುಗಿಸಲು ಕೈಗೊಂಡ ತಾತ್ಕಾಲಿಕ ಕೆಲಸ. ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೂಡ ಇದೇ ಅರ್ಥ ಹೇಳುತ್ತದೆ. ಇದಕ್ಕೆ ನಾಲ್ಕು ಲಕ್ಷಣ:

1. ಆರಂಭ ಮತ್ತು ಮುಕ್ತಾಯದ ದಿನಾಂಕ
2. ನಿಗದಿತ ಹಣ
3. ಕಣ್ಣಿಗೆ ಕಾಣುವ ಫಲ
4. ಹೊಣೆ ಹೊತ್ತವರು

ಮುಗಿಯದೆ ದಿನವೂ ನಡೆಯುವುದು ಪ್ರಾಜೆಕ್ಟ್ ಅಲ್ಲ, ನಿತ್ಯದ ಕಾರ್ಯಾಚರಣೆ. ನೂಲಿನ ಗಿರಣಿ ಕಟ್ಟುವುದು ಪ್ರಾಜೆಕ್ಟ್, ಗಿರಣಿಯಲ್ಲಿ ನೂಲು ತೆಗೆಯುವುದು ಕಾರ್ಯಾಚರಣೆ. ನವೆಂಬರ್ 1ರ ರಾಜ್ಯೋತ್ಸವ ಸಮಾರಂಭ ಪ್ರಾಜೆಕ್ಟ್, ಸಂಘದ ವಾಚನಾಲಯ ನಡೆಸುವುದು ಕಾರ್ಯಾಚರಣೆ.

ನಮ್ಮ ಜತ್ತ ತಾಲೂಕಿಗೆ ಹತ್ತಿರದ ಉದಾಹರಣೆ ಮ್ಹೈಸಾಳ ಏತ ನೀರಾವರಿ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಹಂತ ಹಂತವಾಗಿ ಎತ್ತಿ ಬರದ ನೆಲಕ್ಕೆ ತರುವ ಕೆಲಸ ಇದು. 1984ರಲ್ಲಿ ಟಾಕಾರಿ ಮತ್ತು ಮ್ಹೈಸಾಳ ಎರಡೂ ಸೇರಿ ಮಂಜೂರಾದಾಗ ಅಂದಾಜು ಸುಮಾರು 82 ಕೋಟಿ ರೂಪಾಯಿ. ಕೆಲಸ ದಶಕಗಟ್ಟಲೆ ಎಳೆಯಿತು; ಪರಿಷ್ಕೃತ ಅಂದಾಜು ಸಾವಿರಾರು ಕೋಟಿ ದಾಟಿತು. ಮುದತ್ತು ಮೀರಿದರೆ ವೆಚ್ಚವೂ ಏರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2022ರ ಕೊನೆಯಲ್ಲಿ ತಾಲೂಕಿನ ಗಡಿ ಹಳ್ಳಿಗಳು ನೀರಿಗಾಗಿ ಕರ್ನಾಟಕ ಸೇರುವ ಮಾತೆತ್ತಿದ ಮೇಲೆ, ಸುಮಾರು 2000 ಕೋಟಿಯ ವಿಸ್ತರಿತ ಮ್ಹೈಸಾಳ ಯೋಜನೆ ಚುರುಕಾಯಿತು.

ಇನ್ನೊಂದು ಮಾತು. ಕಾಲುವೆ ಮುಗಿದರೆ ಪ್ರಾಜೆಕ್ಟ್ ಮುಗಿಯಿತು, ಆದರೆ ಕರೆಂಟು ಇಲ್ಲದೆ ಪಂಪು ನೀರೆತ್ತದು. ಅದಕ್ಕೇ ಬಿಲ್ಲಿನಲ್ಲಿ ಶೇ. 81 ಸರ್ಕಾರದ್ದು, ಶೇ. 19 ರೈತರದ್ದು ಎಂಬ ಹಂಚಿಕೆ ಬಂತು. ಮುಂದಿನ ಖರ್ಚು ಯಾರದು ಎಂಬುದನ್ನು ಮೊದಲೇ ಬರೆದಿಡದ ಪ್ರಾಜೆಕ್ಟ್ ಅರ್ಧ ಪ್ರಾಜೆಕ್ಟೇ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಯಾವುದೇ ಕಾಮಗಾರಿಯ ಹೆಸರು ಬಂದಾಗ ಕೇಳಿರಿ: ಯಾವ ದಿನ ಮುಗಿಯುತ್ತದೆ? ಹಣ ಎಷ್ಟು ಮಂಜೂರಾಗಿದೆ? ಹೊಣೆ ಯಾರದು? ಮುಗಿದ ಮೇಲೆ ನಡೆಸುವವರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.

– ಕಾರ್ಯದರ್ಶಿ, ಕುಣಿಕೋಣೂರ