ಗರ್ಭನಂಜು

‘ನಂಜು’ ಅಚ್ಚ ದ್ರಾವಿಡ ಪದ. ತಮಿಳಿನಲ್ಲೂ ವಿಷಕ್ಕೆ ಇದೇ ಹೆಸರು. ವಿಷ ಕುಡಿದ ಶಿವ ನಂಜುಂಡನಾದ. ಕೀವುಗಟ್ಟಿದ ಗಾಯ ಕಂಡರೆ ‘ನಂಜಾಗಿದೆ’ ಎನ್ನುತ್ತೇವೆ. ಬದನೆಕಾಯಿ ನಂಜು ಎಂದು ಹಿರಿಯರು ಗಾಯವಾದವರಿಗೆ ಬಡಿಸುವುದಿಲ್ಲ.

ಬಸಿರಿನ 20 ವಾರ ಕಳೆದ ಮೇಲೆ ರಕ್ತದೊತ್ತಡ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದು ಗರ್ಭನಂಜು. ರಕ್ತಕ್ಕೆ ಯಾವುದೋ ವಿಷ ಸೇರಿರಬೇಕೆಂದು ನಂಬಿದ್ದ ಹಿಂದಿನ ವೈದ್ಯರು ಇದನ್ನು ‘ಟಾಕ್ಸೀಮಿಯಾ’ ಎನ್ನುತ್ತಿದ್ದರು. ಅವರು ಊಹಿಸಿದ್ದ ವಿಷ ಸಿಗಲಿಲ್ಲ, ಹೆಸರೂ ಬಿದ್ದುಹೋಯಿತು. ಈಗಿನ ಹೆಸರು ಪ್ರೀಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ; ಗ್ರೀಕ್ ಮೂಲದಲ್ಲಿ ‘ಥಟ್ಟನೆ ಹೊಳೆಯುವುದು’ ಎಂದರ್ಥ.

2003ರಲ್ಲಿ ಸಂಶೋಧಕ ಅನಂತ ಕರುಮಂಚಿ ಅವರ ತಂಡ ಕಾರಣದ ಒಂದು ಎಳೆ ಹಿಡಿಯಿತು: ಮಾಸು ಅತಿಯಾಗಿ ಸ್ರವಿಸುವ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನ್ ತಾಯಿಯ ರಕ್ತನಾಳಗಳನ್ನು ಕೆಡಿಸುತ್ತದೆ. ಹಾಗಾಗಿ ಹಳೆಯ ಹೆಸರು ತೀರಾ ಸುಳ್ಳೂ ಅಲ್ಲ. ಅಪಾಯವನ್ನು 11ರಿಂದ 13ನೇ ವಾರದಲ್ಲೇ ಅಂದಾಜಿಸಬಹುದು: ರಕ್ತದೊತ್ತಡ, ಗರ್ಭಕೋಶದ ರಕ್ತನಾಳದ ಡಾಪ್ಲರ್, ರಕ್ತಪರೀಕ್ಷೆ ಮೂರನ್ನೂ ಕೂಡಿಸಿ ನೋಡಬೇಕು. ಹೀಗೆ ಗುರುತಿಸಿದವರಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರಕ್ಕೆ ಮುಂಚೆ ಹೆರಿಗೆಗೆ ದೂಡುವ ಗರ್ಭನಂಜು ಶೇ 62ರಷ್ಟು ತಗ್ಗಿದ್ದನ್ನು 2017ರ ಆಸ್ಪ್ರೆ ಪ್ರಯೋಗ ತೋರಿಸಿತು.

ಗರ್ಭನಂಜನ್ನು ‘ಬಾಣಂತಿ ನಂಜಿ’ನೊಂದಿಗೆ ಬೆರೆಸಬಾರದು. ಅದು ಹೆರಿಗೆಯ ನಂತರದ ಸೋಂಕು, ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಗರ್ಭನಂಜು ಬಂದ ಮೇಲೆ ಹೆರಿಗೆಯೇ ಮದ್ದು.