ಹಗ್ಗ ಬಿಚ್ಚಿದ ಬೆಕ್ಕುಗಳು

ನನ್ನ ಫೋನಿನೊಳಗೆ ಒಂದು ಪುಟ್ಟ ಹಿತ್ತಿಲಿದೆ. ಅಲ್ಲಿ ಒಂದು ಬಟ್ಟಲು ತಿಂಡಿ, ಒಂದು ರಬ್ಬರ್ ಚೆಂಡು, ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇನೆ. ಇಟ್ಟ ಮೇಲೆ ನನಗೆ ಉಳಿಯುವ ಕೆಲಸ ಒಂದೇ, ಆಟ ಮುಚ್ಚಿ ಎದ್ದು ಹೋಗುವುದು. ನಾನಿಲ್ಲದಾಗ ಬೆಕ್ಕುಗಳು ಬರುತ್ತವೆ, ತಿನ್ನುತ್ತವೆ, ಪೆಟ್ಟಿಗೆಯೊಳಗೆ ಮುದುರಿ ಮಲಗುತ್ತವೆ, ಹೋಗುವಾಗ ಒಂದಿಷ್ಟು ಒಣಮೀನು ಬಿಟ್ಟು ಹೋಗುತ್ತವೆ. ಆ ಮೀನೇ ಅಲ್ಲಿನ ನಾಣ್ಯ. ಅದರಿಂದ ಮತ್ತೆ ತಿಂಡಿ, ಮತ್ತೆ ಆಟಿಕೆ ಕೊಳ್ಳಬೇಕು. ಗೆಲುವಿಲ್ಲ, ಸೋಲಿಲ್ಲ, ಶತ್ರುಗಳಿಲ್ಲ.

ಆಟದ ಹೆಸರು 'ನೆಕೋ ಅತ್ಸುಮೆ'. ಜಪಾನಿ ಭಾಷೆಯಲ್ಲಿ ಬೆಕ್ಕುಗಳನ್ನು ಕೂಡಿಸುವುದು ಎಂದರ್ಥ. ಹಿಟ್-ಪಾಯಿಂಟ್ ಎಂಬ ಕಂಪನಿ 2014ರ ಅಕ್ಟೋಬರಿನಲ್ಲಿ ಇದನ್ನು ಬಿಡುಗಡೆ ಮಾಡಿತು. ಮೊದಲ ಒಂದು ವರ್ಷ ಆಟ ಜಪಾನಿ ಭಾಷೆಯಲ್ಲಷ್ಟೇ ಇತ್ತು. ಆದರೂ ಆ ಭಾಷೆಯ ಒಂದಕ್ಷರ ಬಾರದವರು ಹೊರದೇಶಗಳಲ್ಲಿ ಕುಳಿತು ಇದನ್ನು ಆಡಿದರು. 2017ರಲ್ಲಿ ಇದರ ಮೇಲೆ ಒಂದು ಸಿನಿಮಾ ಕೂಡ ಬಂತು. ಬರೆಯಲಾಗದೆ ಸಿಕ್ಕಿಕೊಂಡ ಕಾದಂಬರಿಕಾರನೊಬ್ಬ ಊರಾಚೆಯ ಮನೆಗೆ ಹೋಗಿ, ಅಲ್ಲಿ ಬರುವ ಬೆಕ್ಕುಗಳ ನಡುವೆ ಚೇತರಿಸಿಕೊಳ್ಳುವ ಕಥೆ ಅದು. ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ನಾನು ಈ ಆಟವನ್ನು ಇಳಿಸಿಕೊಂಡದ್ದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಆಡುತ್ತಾ ಹೋದಂತೆ ನನಗೆ ಕಾಡಿದ ಪ್ರಶ್ನೆ ಇಷ್ಟೆ: ಬೆಕ್ಕನ್ನು ಕಟ್ಟದೆ, ಮುಟ್ಟದೆ, ಕಾಯದೆ ಸಾಕುವ ಈ ಕಲ್ಪನೆ ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೌದ್ಧ ಗ್ರಂಥಗಳನ್ನು ಇಲಿಗಳಿಂದ ಕಾಯಲು ಚೀನಾದ ಹಡಗುಗಳಲ್ಲಿ ಬೆಕ್ಕುಗಳನ್ನು ತಂದರು ಎಂಬ ಪ್ರತೀತಿ ಜಪಾನಿನಲ್ಲಿದೆ. ಪ್ರತೀತಿ ಏನೇ ಇರಲಿ, ದಾಖಲೆಯೊಂದು ಖಚಿತವಾಗಿದೆ. ಸಾಮ್ರಾಟ ಉದಾ 889ರಲ್ಲಿ ತನ್ನ ದಿನಚರಿಯಲ್ಲಿ ಒಂದು ಕಪ್ಪು ಬೆಕ್ಕಿನ ಬಗ್ಗೆ ಬರೆದಿದ್ದಾನೆ. ಅದು ಅವನ ತಂದೆಯಿಂದ ಬಂದದ್ದು. ಐದು ವರ್ಷಗಳಿಂದ ಅದಕ್ಕೆ ದಿನಾ ಬೆಳಿಗ್ಗೆ ಹಾಲಿನ ಗಂಜಿ ಹಾಕುತ್ತಿದ್ದೇನೆ ಎನ್ನುತ್ತಾನೆ. ರಾಜ್ಯಭಾರದ ನಡುವೆ ಒಬ್ಬ ಸಾಮ್ರಾಟ ಬೆಕ್ಕಿನ ಬಟ್ಟಲಿನ ಲೆಕ್ಕ ಇಟ್ಟಿದ್ದಾನೆ!

ಅಂದಿನ ಅರಮನೆಯ ಬೆಕ್ಕುಗಳು ಅಪರೂಪದ ವಸ್ತುಗಳು, ಹಾಗಾಗಿ ಹಗ್ಗ ಕಟ್ಟಿ ಸಾಕುತ್ತಿದ್ದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಬರೆದ 'ಗೆಂಜಿಯ ಕಥೆ'ಯಲ್ಲಿ ಕಥೆಯ ದಿಕ್ಕು ತಿರುಗುವುದೇ ಇಂಥದೊಂದು ಹಗ್ಗದಿಂದ. ತರುಣರು ಅಂಗಳದಲ್ಲಿ ಚೆಂಡಾಡುತ್ತಿರುವಾಗ ಒಳಗಿನ ಬೆಕ್ಕು ಬೆದರಿ ಓಡುತ್ತದೆ, ಅದರ ಹಗ್ಗ ಸಿಕ್ಕಿಕೊಂಡು ಪರದೆ ಮೇಲೇಳುತ್ತದೆ. ಆ ಕ್ಷಣದಲ್ಲಿ ಕಶಿವಾಗಿ ಎಂಬ ತರುಣ ಗೆಂಜಿಯ ಹೆಂಡತಿಯಾದ ರಾಜಕುಮಾರಿಯನ್ನು ನೋಡಿಬಿಡುತ್ತಾನೆ. ಅವಳು ಸಿಗಲಾರಳು. ಹೇಗೋ ಮಾಡಿ ಅವಳ ಬೆಕ್ಕನ್ನು ತರಿಸಿಕೊಂಡು, ರಾತ್ರಿ ಪಕ್ಕದಲ್ಲೇ ಮಲಗಿಸಿಕೊಂಡು ಮುದ್ದಿಸುತ್ತಾನೆ. ಕೈಗೆಟುಕದ ಒಂದರ ಬದಲಿಗೆ ಕೈಗೆಟುಕುವ ಇನ್ನೊಂದು. ಹಾಸ್ಟೆಲ್ ಕೋಣೆಯ ಕತ್ತಲಲ್ಲಿ ಫೋನು ಹಿಡಿದು ಬೆಕ್ಕು ನೋಡುವವರಿಗೆ ಕಶಿವಾಗಿ ಅಪರಿಚಿತನಲ್ಲ.

ಹಗ್ಗ ಬಿಚ್ಚಿದ್ದು 1602ರಲ್ಲಿ. ಬೆಕ್ಕುಗಳನ್ನು ಕಟ್ಟಿಹಾಕದೆ ಬಿಡಬೇಕು, ಮಾರುವುದು ಕೊಳ್ಳುವುದು ಕೂಡದು ಎಂದು ಕ್ಯೋಟೋ ನಗರದಲ್ಲಿ ಆಜ್ಞೆಯಾಯಿತು. ಈ ಆಜ್ಞೆಯನ್ನೇ ವಸ್ತುವಾಗಿಟ್ಟುಕೊಂಡ 'ನೆಕೋ ನೋ ಸೋಶಿ' ಎಂಬ ಹಳೆಯ ಕಥೆಯಲ್ಲಿ ಇಲಿಯೊಂದು ಸನ್ಯಾಸಿಯ ಕನಸಿನಲ್ಲಿ ಬಂದು ಕುಲದ ಕಷ್ಟ ಹೇಳಿಕೊಳ್ಳುತ್ತದೆ, ಆಮೇಲೆ ಬೆಕ್ಕೂ ಬಂದು ತನ್ನ ವಾದ ಮಂಡಿಸುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಕಂಪ್ಯೂಟರಿಗೆ ಬೆಕ್ಕು ಬಂದದ್ದೂ ಇಲಿಯ ಹಿಂದೆಯೇ. 1980ರ ದಶಕದಲ್ಲಿ ನವೋಶಿ ವಾತಾನಬೆ ಎಂಬವರು ಎನ್‌ಇಸಿ ಕಂಪನಿಯ ಪಿಸಿ-9801 ಗಣಕಕ್ಕಾಗಿ 'ನೆಕೋ' ಎಂಬ ಪುಟ್ಟ ಪ್ರೋಗ್ರಾಂ ಬರೆದರು. 1989ರಲ್ಲಿ ಕೆಂಜಿ ಗೊಟೋ ಅದನ್ನು ಮ್ಯಾಕಿಂಟಾಷ್‌ಗೆ ತಂದರು. ಪರದೆಯ ಮೇಲಿನ ಬೆಕ್ಕು ಮೌಸ್‌ನ ಬಾಣವನ್ನು ಅಟ್ಟಿಸಿಕೊಂಡು ಓಡುತ್ತದೆ. ಬಾಣ ನಿಂತರೆ ಅದೂ ನಿಂತು ಮೈ ಕೆರೆದುಕೊಳ್ಳುತ್ತದೆ, ಆಕಳಿಸುತ್ತದೆ, ನಿದ್ದೆ ಹೋಗುತ್ತದೆ. ಅದು ಏನನ್ನೂ ಕೇಳುವುದಿಲ್ಲ. ಕೆಲಸದ ನಡುವೆ ಜೊತೆಗಿರುತ್ತದೆ, ಅಷ್ಟೆ.

ಕೇಳುವ ಪ್ರಾಣಿ ಬಂದದ್ದು 1996ರ ನವೆಂಬರ್ 23ರಂದು. ಬಂದಾಯ್ ಕಂಪನಿಯ 'ತಮಗೋಚಿ' ಅಂಗೈಯಲ್ಲಿ ಹಿಡಿಯಬಹುದಾದ ಮೊಟ್ಟೆಯಾಕಾರದ ಆಟಿಕೆ. ಒಳಗಿನ ಜೀವಿ ಹಸಿದರೆ ಕೂಗುತ್ತದೆ. ಗಲೀಜು ಮಾಡಿದರೆ ಬಳಿಯಬೇಕು, ಕಾಯಿಲೆ ಬಿದ್ದರೆ ಔಷಧ ಕೊಡಬೇಕು. ಮೊದಲ ಆವೃತ್ತಿಯಲ್ಲಿ ಆಟವನ್ನು ತಡೆದು ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಅಲಕ್ಷ್ಯ ಮಾಡಿದರೆ ಅದು ಸಾಯುತ್ತಿತ್ತು, ಜಪಾನಿನ ಆವೃತ್ತಿಯಲ್ಲಿ ಪರದೆಯ ಮೇಲೆ ಸಮಾಧಿ ಕಾಣುತ್ತಿತ್ತು. ಮಕ್ಕಳು ಶಾಲೆಗೆ ಒಯ್ದರು, ಎಷ್ಟೋ ಶಾಲೆಗಳು ನಿಷೇಧಿಸಿದವು. ಇದರ ಸೃಷ್ಟಿಕರ್ತರಾದ ಅಕಿಹಿರೊ ಯೊಕೊಯ್ ಮತ್ತು ಅಕಿ ಮೈತಾ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ಇಗ್ ನೊಬೆಲ್ ಕೊಟ್ಟರು. ಲಕ್ಷಾಂತರ ಗಂಟೆಗಳ ದುಡಿಮೆಯನ್ನು ಇಲ್ಲದ ಪ್ರಾಣಿಗಳ ಆರೈಕೆಗೆ ತಿರುಗಿಸಿದ್ದಕ್ಕೆ!

ನಗುವ ಮಾತೇ. ಆದರೆ ಒಳಗೊಂದು ಸತ್ಯವಿದೆ. ನಾವು ಪ್ರೀತಿಸುವುದನ್ನು ಸಾಕುತ್ತೇವೆ ಎಂದುಕೊಂಡಿರುತ್ತೇವೆ. ಸಾಕುವುದನ್ನು ಪ್ರೀತಿಸತೊಡಗುತ್ತೇವೆ ಎಂಬುದೂ ಅಷ್ಟೇ ನಿಜ. ಯಂತ್ರಗಳೊಂದಿಗಿನ ನಮ್ಮ ಸಂಬಂಧವನ್ನು ದೀರ್ಘಕಾಲ ಅಧ್ಯಯನ ಮಾಡಿದ ಶೆರಿ ಟರ್ಕಲ್ ಹೇಳುವುದೂ ಇದನ್ನೇ. ಆರೈಕೆ ಬೇಡುವ ವಸ್ತುವಿಗೆ ನಾವು ಅಂಟಿಕೊಳ್ಳುತ್ತೇವೆ, ಅದರೊಳಗೆ ಜೀವವಿದೆಯೋ ಇಲ್ಲವೋ ಎನ್ನುವುದು ಆಮೇಲಿನ ಪ್ರಶ್ನೆ. ಕ್ಯೋಟೋದಲ್ಲಿ ಬೆಕ್ಕಿನ ಕುತ್ತಿಗೆಯಿಂದ ಬಿಚ್ಚಿದ ಹಗ್ಗವನ್ನು ತಮಗೋಚಿ ತಂದು ಮನುಷ್ಯನ ಕುತ್ತಿಗೆಗೆ ಕಟ್ಟಿತು.

ಸಾಕುವುದು ಹೇರಿಕೆಯಾದಾಗ ಏನಾಗುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಇಲಿ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಬೆಕ್ಕಿಗೆ ಕುದಿಯುವ ಹಾಲಿಟ್ಟು, ಅದು ಮತ್ತೆಂದೂ ಹಾಲಿನ ಹತ್ತಿರ ಸುಳಿಯದಂತೆ ಮಾಡಿದ. ಚಿಕ್ಕವರಿದ್ದಾಗ ಈ ಕಥೆಗೆ ನಾವೆಲ್ಲ ನಕ್ಕವರೇ. ಬಾಯಿ ಸುಟ್ಟ ಬೆಕ್ಕನ್ನು ಯಾರೂ ನೆನೆಯಲಿಲ್ಲ.

ನೆಕೋ ಅತ್ಸುಮೆ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ? ಇಲ್ಲಿ ಬೆಕ್ಕಿಗೂ ಹಗ್ಗವಿಲ್ಲ, ನನಗೂ ಇಲ್ಲ. ಬಟ್ಟಲು ಖಾಲಿಯಾದರೆ ಬೆಕ್ಕುಗಳು ಬರುವುದಿಲ್ಲ, ಅಷ್ಟೆ. ಅವು ಹಸಿಯುವುದಿಲ್ಲ, ಸಾಯುವುದಿಲ್ಲ, ಮುನಿಯುವುದೂ ಇಲ್ಲ. ಮತ್ತೆ ತಿಂಡಿ ಇಟ್ಟರೆ ಮತ್ತೆ ಬರುತ್ತವೆ. ಇದೇ ಕಂಪನಿ 2017ರಲ್ಲಿ ತಂದ 'ತಾಬಿ ಕಾಯೆರು' ಆಟದಲ್ಲಿ ಕಪ್ಪೆಯೊಂದು ನಾವು ಕಟ್ಟಿಕೊಟ್ಟ ಬುತ್ತಿ ಹಿಡಿದು ತನಗೆ ತೋಚಿದಾಗ ಪ್ರವಾಸ ಹೋಗುತ್ತದೆ, ದಾರಿಯಿಂದ ಚಿತ್ರ ಕಳಿಸುತ್ತದೆ. ಮರುವರ್ಷ ಚೀನಾದಲ್ಲಿ ಅಸಂಖ್ಯ ಯುವಜನರು ಅದನ್ನು 'ಮಗ' ಎಂದು ಕರೆದು ದಾರಿ ಕಾದರು. ಊರು ಬಿಟ್ಟು ನಗರ ಸೇರಿದ ಮಕ್ಕಳು ಪರದೆಯ ಮೇಲೆ ತಮ್ಮದೇ ತಂದೆ ತಾಯಿಯರ ಪಾತ್ರ ವಹಿಸಿದಂತಿತ್ತು ಅದು.

ಕಳೆದ ವರ್ಷ ಐದಾರು ತಿಂಗಳು ನಾನು ಈ ಆಟವನ್ನು ಮರೆತೇಬಿಟ್ಟಿದ್ದೆ. ಒಂದು ರಾತ್ರಿ ತೆರೆದಾಗ ಹಿತ್ತಿಲು ಖಾಲಿಯಿತ್ತು. ತಪ್ಪಿತಸ್ಥ ಭಾವದಲ್ಲೇ ತಿಂಡಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಐದು ಬೆಕ್ಕುಗಳು, ಏನೂ ಆಗಿಲ್ಲವೆಂಬಂತೆ. ಎಷ್ಟು ಹಗುರವೆನಿಸಿತೆಂದರೆ, ಕ್ಷಮೆ ಎಂದರೆ ಇದೇ ಅಂದುಕೊಂಡೆ. ಕೂಡಲೇ ಊರಿನ ಹಿತ್ತಿಲು ನೆನಪಾಯಿತು.

ಅಜ್ಜಿ ಇದ್ದಷ್ಟು ದಿನ ನಮ್ಮ ಹಿತ್ತಿಲ ಬಾಗಿಲ ಬಳಿ ಒಂದು ಸೀಳು ಬಿಟ್ಟ ಪಿಂಗಾಣಿ ಬಟ್ಟಲಿರುತ್ತಿತ್ತು. ಬೆಳಿಗ್ಗೆ ಅದರಲ್ಲಿ ಹಾಲನ್ನ. ಒಂದು ಬೂದು ಬೆಕ್ಕು ಬಂದು ತಿಂದು ಹೋಗುತ್ತಿತ್ತು. ಅಜ್ಜಿ ಅದನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ, ಅದಕ್ಕೆ ಹೆಸರೂ ಇರಲಿಲ್ಲ. ಯಾರಾದರೂ ಕೇಳಿದರೆ "ನಮ್ದಲ್ಲ, ಬರ್ತದೆ, ಹೋಗ್ತದೆ" ಎನ್ನುತ್ತಿದ್ದರು. ನೆಕೋ ಅತ್ಸುಮೆಯ ನಿಯಮಗಳೆಲ್ಲ ಅಲ್ಲಿದ್ದವು.

ಅಮ್ಮನಿಗೆ ಫೋನು ಮಾಡಿದೆ. "ಅಮ್ಮಾ, ಅಜ್ಜಿ ಬೆಕ್ಕು ಈಗ್ಲೂ ಬರ್ತದಾ?"

"ಎಲ್ಲಿ ಬರ್ತದೆ? ಅಜ್ಜಿ ಹೋದ್ಮೇಲೆ ನಾಲ್ಕು ದಿನ ಬಾಗ್ಲಲ್ಲಿ ಕೂಗ್ತಿತ್ತು. ಮನೆ ತುಂಬ ಜನ, ಯಾರಿಗೆ ನೆನಪಿರ್ತದೆ? ಆಮೇಲೆ ಕಾಣ್ಲಿಲ್ಲ."

ಆ ನಾಲ್ಕು ದಿನ ನಾನೂ ಆ ಮನೆಯಲ್ಲೇ ಇದ್ದೆ. ಕೂಗು ನನ್ನ ಕಿವಿಗೂ ಬಿದ್ದಿರಲೇಬೇಕು.

ಮೇಲುನೋಟಕ್ಕೆ ಎರಡು ಹಿತ್ತಿಲುಗಳೂ ಒಂದೇ. ಎರಡರಲ್ಲೂ ಬೆಕ್ಕು ಸ್ವತಂತ್ರ. ಆದರೆ ಒಂದರಲ್ಲಿ ಬಟ್ಟಲು ತುಂಬದಿದ್ದರೆ ಒಂದು ಜೀವ ಹಸಿಯುತ್ತದೆ. ಅಜ್ಜಿಗೆ ಅದು ಗೊತ್ತಿತ್ತು. ನಮ್ಮದಲ್ಲ ಎನ್ನುತ್ತಲೇ ಒಂದು ದಿನವೂ ತಪ್ಪಿಸಲಿಲ್ಲ. ಉದಾ ಸಾಮ್ರಾಟ ತನ್ನ ದಿನಚರಿಯಲ್ಲಿ ಹಾಲಿನ ಗಂಜಿಯನ್ನೂ ಐದು ವರ್ಷಗಳನ್ನೂ ಬರೆದಿಟ್ಟದ್ದು ಏಕೆಂದು ನನಗೆ ಅರ್ಥವಾದದ್ದು ಆಗಲೇ. ಕಣ್ಣಿಗೆ ಕಾಣುವ ಹಗ್ಗವನ್ನು ಆಜ್ಞೆ ಹೊರಡಿಸಿ ಬಿಚ್ಚಿಸಬಹುದು. ದಿನಾ ಬೆಳಿಗ್ಗೆ ಬಟ್ಟಲು ತೊಳೆದು ಇಡುವುದೂ ಒಂದು ಹಗ್ಗವೇ. ಆಟ ಅದನ್ನೂ ಬಿಚ್ಚಿ ನಮ್ಮನ್ನು ಹಗುರ ಮಾಡುತ್ತದೆ.

ಆಟವನ್ನು ನಾನು ಅಳಿಸಿಲ್ಲ. ಮೂರನೆಯ ಅಧ್ಯಾಯ ಮುಗಿಯುವವರೆಗೆ ಆ ಐದು ಬೆಕ್ಕುಗಳು ಇರಲಿ. ಆದರೆ ಹೋದ ಸಲ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಆ ಪಿಂಗಾಣಿ ಬಟ್ಟಲನ್ನು ಹುಡುಕಿ ತೊಳೆದು ಬಾಗಿಲ ಬಳಿ ಇಟ್ಟು ಬಂದೆ. ಮೂರು ದಿನ ಯಾವ ಬೆಕ್ಕೂ ಬರಲಿಲ್ಲ, ಹಾಲನ್ನವನ್ನು ಕಾಗೆಗಳು ತಿಂದವು. ಮೊನ್ನೆ ಅಮ್ಮ ಫೋನಿನಲ್ಲಿ ಬೇರೆ ಏನೋ ಮಾತಾಡುತ್ತ ನಡುವೆ ಹೇಳಿದರು: "ನೀನಿಟ್ಟ ಬಟ್ಲು ದಿನಾ ಖಾಲಿ ಆಗ್ತದೆ. ಯಾವ್ದು ತಿಂತದೋ ನಾ ನೋಡ್ಲಿಲ್ಲ."