ಹಳೆಯ ಗೊಂಬೆಗಳ ಕಾಲನಿರ್ಣಯ ಮತ್ತು ಬೆಲೆ

ಬೆಂಗಳೂರಿನ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಇನ್ನೂ ಈಚಿನವು. ಆದರೆ ನವರಾತ್ರಿಯಲ್ಲಿ ಅಲ್ಲಿನ ಮನೆಗಳ ಮೆಟ್ಟಿಲಸಾಲಿನಲ್ಲಿ ಕೂರುವ ಕೆಲವು ಗೊಂಬೆಗಳು ಆ ಬಡಾವಣೆಗಳಿಗಿಂತ ಹಳೆಯವು. ಮೈಸೂರು ಸೀಮೆಯ ತವರುಮನೆಗಳಿಂದ ಪೆಟ್ಟಿಗೆಯಲ್ಲಿ ಬಂದಂಥವು. ಈಗ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಆ ಪೆಟ್ಟಿಗೆಗಳು ಅಟ್ಟದಿಂದ ಇಳಿಯುತ್ತವೆ. ಅವು ಗುಜರಿಗೋ, ಸಂಗ್ರಾಹಕರಿಗೋ ಎಂಬುದು ಒಂದೆರಡು ದಿನಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಗೊಂಬೆಯ ಗುರುತು ಬಲ್ಲವರು ಆ ಹೊತ್ತಿಗೆ ಮನೆಯಲ್ಲಿ ಇರುವುದು ಅಪರೂಪ.

ಈ ಪೆಟ್ಟಿಗೆಗಳಲ್ಲಿ ಮುಖ್ಯವಾದವು ಪಟ್ಟದ ಗೊಂಬೆಗಳು. ಚಂದನ ಅಥವಾ ರಕ್ತಚಂದನದಲ್ಲಿ ಕಡೆದ ರಾಜ–ರಾಣಿಯರ ಈ ಜೋಡಿಯನ್ನು ತವರಿನವರು ಮಗಳಿಗೆ ಮದುವೆಯಲ್ಲಿ ಕೊಟ್ಟು ಕಳುಹಿಸುವುದು ಮೈಸೂರು ಸೀಮೆಯ ವಾಡಿಕೆ. ಇವುಗಳ ವಯಸ್ಸನ್ನು ಉಡುಗೆಯಿಂದ ಅಳೆಯುವವರು ಮೋಸಹೋಗುತ್ತಾರೆ. ಪಟ್ಟದ ಗೊಂಬೆಗೆ ಮನೆಯ ಹೆಂಗಸರು ಹಬ್ಬ ಬಂದಾಗಲೆಲ್ಲ ಹೊಸದಾಗಿ ಉಡಿಸಿ ಸಿಂಗರಿಸುತ್ತಾರೆ. ನೂರು ವರ್ಷದ ಗೊಂಬೆಯ ಮೈಮೇಲೆ ಕಳೆದ ವರ್ಷದ ಜರಿ ಇರಬಹುದು. ನೋಡಬೇಕಾದದ್ದು ಬಟ್ಟೆಯ ಒಳಗೆ, ಪಾದಪೀಠದ ಅಡಿಯಲ್ಲಿ. ಬಣ್ಣ ತಾಗದ ಆ ಭಾಗದಲ್ಲಿ ಮರದ ನಿಜವಾದ ಕೆಂಪು, ಉಳಿಯ ಗುರುತು, ಕೈತಾಗಿ ನಯವಾದ ಅಂಚು ಕಾಣುತ್ತವೆ. ರಕ್ತಚಂದನ ಕೈಗೆ ಭಾರವಾಗಿರುತ್ತದೆ. ಹಗುರ ಮರಕ್ಕೆ ಕೆಂಪು ಬಳಿದದ್ದನ್ನು ಎತ್ತಿ ನೋಡಿದರೆ ಸಾಕು, ತಿಳಿಯುತ್ತದೆ. ಜೋಡಿ ಮುರಿದರೆ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆಸ್ತಿ ಭಾಗವಾಗುವಾಗ ರಾಜನನ್ನು ಅಣ್ಣನಿಗೂ ರಾಣಿಯನ್ನು ತಮ್ಮನಿಗೂ ಕೊಡುವುದು ನ್ಯಾಯದಂತೆ ಕಂಡರೂ ಅದು ಇಬ್ಬರಿಗೂ ನಷ್ಟ.

ಚನ್ನಪಟ್ಟಣದ ಆಟಿಕೆಗಳ ಲಕ್ಷಣ ಬೇರೆ. ಈ ಕಸುಬನ್ನು ಟಿಪ್ಪುವಿನ ಆಶ್ರಯಕ್ಕೆ ಬಂದ ಪರ್ಷಿಯಾದ ಕುಶಲಕರ್ಮಿಗಳು ಕಲಿಸಿದರೆಂಬುದು ಪ್ರತೀತಿ. ಜಪಾನಿನ ತಂತ್ರವನ್ನು ಅಳವಡಿಸಿ ಅದನ್ನು ಬೆಳೆಸಿದ ಶ್ರೇಯಸ್ಸು ಬಾವಾಸ್ ಮಿಯಾ ಅವರಿಗೆ ಸಲ್ಲುತ್ತದೆ. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬಳಿಕ ಕೇದಗೆಯ ಗರಿಯಿಂದ ಹೊಳಪು. ಆದ್ದರಿಂದ ಬಣ್ಣದ ಪಟ್ಟೆಗಳು ಆಟಿಕೆಯನ್ನು ಸುತ್ತುವರಿದು ಬಳೆಯಂತೆ ಓಡಬೇಕು. ಒಡಲಿನ ಮೇಲೆ ಕುಂಚದ ಗೆರೆ ಕಂಡರೆ ಯಾರೋ ಬಣ್ಣ ಬಳಿದಿದ್ದಾರೆಂದು ಅರ್ಥ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಕೊಳೆ ತೆಗೆಯಹೊರಟು ಬಣ್ಣವನ್ನೇ ಒರೆಸಿಕೊಂಡವರು ಉಂಟು. ಒಣ ಬಟ್ಟೆಯೇ ಕ್ಷೇಮ. ಇನ್ನೊಂದು ಸುಲಭದ ಗುರುತಿದೆ. ಈ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದು ಈ ಶತಮಾನದಲ್ಲಿ; ಆ ಮುದ್ರೆಯುಳ್ಳ ಪೆಟ್ಟಿಗೆಯ ಆಟಿಕೆಯನ್ನು ‘ಅಜ್ಜಿಯ ಕಾಲದ್ದು’ ಎಂದು ಮಾರುವವರನ್ನು ನಂಬಬೇಕಿಲ್ಲ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗೂ ಆಂಧ್ರದ ಕೊಂಡಪಲ್ಲಿಯ ಗೊಂಬೆಗೂ ಗೊಂದಲವಾಗುವುದು ಸಹಜ. ಎರಡೂ ಹಗುರ ಮರದವು. ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿದ ‘ಕಿಟ್ಟ’ವನ್ನು ಮರದ ಮೇಲೆ ಮೆತ್ತಿ ರೂಪ ಕೊಡುತ್ತಾರೆ. ಬಣ್ಣ ಚಕ್ಕೆಯೆದ್ದ ಕಡೆ ಮರಕ್ಕೆ ಮೊದಲು ಆ ಪದರ ಕಾಣುತ್ತದೆ. ಚಕ್ಕೆಯೆದ್ದದ್ದು ದೋಷವೇ ಹೌದು, ಆದರೆ ಮೂಲವನ್ನು ಹೇಳುವುದೂ ಅದೇ.

ಪೆಟ್ಟಿಗೆಯ ತಳದಲ್ಲಿ ಒಮ್ಮೊಮ್ಮೆ ವಿದೇಶಿ ಸಾಮಾನುಗಳೂ ಸಿಗುತ್ತವೆ. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಮುದ್ರೆಯಿದ್ದರೆ ಕಾಲನಿರ್ಣಯಕ್ಕೆ ಶ್ರಮವೇ ಬೇಡ: ಮಿತ್ರರಾಷ್ಟ್ರಗಳ ಸೇನೆ ಅಲ್ಲಿ ಬೀಡುಬಿಟ್ಟಿದ್ದು 1945ರಿಂದ 1952ರವರೆಗೆ ಮಾತ್ರ. ತೆಳುವಾದ ಗೊಂಬೆಯನ್ನು ಬೆರಳಿನಿಂದ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಅದನ್ನು ದೀಪದ ಹತ್ತಿರ ಇಡಬಾರದು, ಥಟ್ಟನೆ ಹೊತ್ತಿಕೊಳ್ಳುತ್ತದೆ. ಲೋಹದ ಪುಟ್ಟ ಕಾರುಗಳಲ್ಲಿ ‘ನಿಕ್ಕಿ’ ಎಂಬ ಹೆಸರು ಕಂಡು ಡಿಂಕಿಯ ನಕಲು ಎಂದು ಎಸೆಯುವುದು ಅವಿವೇಕ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಡಿಂಕಿ ಕಾರುಗಳ ಅಚ್ಚುಗಳನ್ನೇ ತರಿಸಿ ಕಲ್ಕತ್ತೆಯಲ್ಲಿ ಎರಕಹೊಯ್ದ ಕಾರುಗಳವು. ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ. ಮೂಲ ರಟ್ಟಿನ ಪೆಟ್ಟಿಗೆ ಉಳಿದಿದ್ದರೆ ಇನ್ನೂ ಮೇಲು.

ಬೆಲೆ ಕಟ್ಟುವಾಗ ಮಾರುವವರು ಕೇಳಿದ ಬೆಲೆ ಪ್ರಮಾಣವಲ್ಲ, ಅಂಥ ವಸ್ತು ಹಿಂದೆ ನಿಜವಾಗಿ ಮಾರಾಟವಾದ ಬೆಲೆಯೇ ಪ್ರಮಾಣ. ಆ ಬೆಲೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಹೊಸ ಎನಾಮಲ್ ಬಣ್ಣ. ಹಬ್ಬಕ್ಕೆ ಗೊಂಬೆ ಕಳಕಳಿಸಲೆಂದು ಬಳಿಯುವುದು ಮನೆಯವರ ದೃಷ್ಟಿಯಲ್ಲಿ ಭಕ್ತಿಯೇ ಹೊರತು ಅಪರಾಧವಲ್ಲ. ಆದರೂ ಅಡಿಯ ಪದರವನ್ನು ಮತ್ತೆ ಪಡೆಯಲಾಗದು. ಮಾಸಿದ ಮುಖವೇ ಆ ಗೊಂಬೆಯ ದಾಖಲೆ.

ಮಕ್ಕಳು ಹೊರದೇಶದಲ್ಲಿರುವ ಮನೆಗಳವರು ಕಾನೂನನ್ನೂ ಗಮನಿಸಬೇಕು. 1972ರ ಪುರಾತನ ವಸ್ತುಗಳ ಅಧಿನಿಯಮದಂತೆ ನೂರು ವರ್ಷ ದಾಟಿದ ಕಲಾಕೃತಿ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆನೆದಂತದ ಗೊಂಬೆಯ ಮಾರಾಟವೂ ನಿಷಿದ್ಧ. ಅಜ್ಜಿಯ ಮದುವೆ ಯಾವ ವರ್ಷ, ಯಾವ ಊರಿನಲ್ಲಿ ನಡೆಯಿತು, ಗೊಂಬೆ ಕೊಟ್ಟವರು ಯಾರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಡುವ ಕೆಲಸ ಮಾತ್ರ ಆಕೆ ಇರುವಾಗಲೇ ಆಗಬೇಕು.